ಶಾಲೆಗೆ ಬಾರದ ಮಕ್ಕಳ ಲೆಕ್ಕವನ್ನೂ ಇಡೋಣ
(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ಶಿಕ್ಷಣ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ನಮ್ಮ ಸಂಘ ಹಾಲಿನ ಲೆಕ್ಕ ತಪ್ಪದೆ ಇಟ್ಟುಕೊಂಡು ಬಂದಿದೆ. ಯಾರ ಮನೆಯ ಹಸು ಗಬ್ಬ, ಯಾರ ಹಾಲಿನ ಫ್ಯಾಟು ಇಳಿಯಿತು, ಕಾರ್ಯದರ್ಶಿಗಳನ್ನು ಕೇಳಿದರೆ ಸಾಕು. ಆದರೆ ಊರಿನ ಯಾವ ಮಗು ಶಾಲೆಗೆ ಹೋಗ್ತಿಲ್ಲ, ಯಾಕೆ ಅಂತ ಕೇಳಿದರೆ ನಾವು ಒಬ್ಬರ ಮುಖ ಒಬ್ಬರು ನೋಡ್ತೀವಿ. ಹಾಜರಿ ಪುಸ್ತಕದಲ್ಲಿ ಹೆಸರಿದೆಯಲ್ಲ ಅಂತೀವಿ. ಹೆಸರು ಇರುವುದು ಬೇರೆ, ಮಗು ಬಂದು ಕೂರುವುದು ಬೇರೆ.

ಕಾನೂನೇನೋ ಇದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ 2010ರ ಏಪ್ರಿಲ್ 1ರಿಂದ ಹಕ್ಕಾಗಿದೆ. 2016ರ ಕಾಯ್ದೆಯ ಪ್ರಕಾರ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವ ಮಗುವಿಗೆ 18 ವರ್ಷದವರೆಗೂ, ಬೇಕೆಂದರೆ ನೆರೆಯ ಶಾಲೆಯಲ್ಲೇ, ಉಚಿತವಾಗಿ ಓದುವ ಹಕ್ಕಿದೆ. ಆದರೆ ಕಾಯ್ದೆ ಬಂದು ಮಗುವನ್ನು ಎತ್ತಿಕೊಂಡು ಹೋಗೋದಿಲ್ಲ. ಮನೆಗೂ ಶಾಲೆಗೂ ನಡುವೆ ಏನು ಅಡ್ಡ ಇದೆ ಅಂತ ಊರಿನವರೇ ನೋಡಬೇಕು.

ಇದು ಆಗುವ ಮಾತೇ ಅನ್ನುವವರಿಗೆ ಕುಂದಾಪುರ ತಾಲ್ಲೂಕಿನ ಕಥೆ ಹೇಳ್ತೀವಿ. ಅಲ್ಲಿ ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡ ಭೀಮ ಸಂಘ ಅಂತ ಒಂದಿತ್ತು. 1995ರಲ್ಲಿ ಮಕ್ಕಳ ಪಂಚಾಯತಿ ಶುರುವಾಯಿತು. ಮಕ್ಕಳೇ ತಮ್ಮ ಊರಿನ ಮಾಹಿತಿ ಸಂಗ್ರಹಿಸಿ, ನಕ್ಷೆ ಬರೆದು, ದೊಡ್ಡವರ ಮುಂದೆ ಇಟ್ಟರು. ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕದ ಕಷ್ಟ ದಿನಾ ದಾಟುವ ಮಗುವಿಗಲ್ಲದೆ ಇನ್ನಾರಿಗೆ ಗೊತ್ತು? 2004ರ ಹೊತ್ತಿಗೆ ಆ ತಾಲ್ಲೂಕಿನ 56 ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳು ಯೋಜನೆ ತಯಾರಿಸುವ ಕೆಲಸಕ್ಕೆ ಕೈಹಾಕಿದ್ದರು. 2006ರಲ್ಲಿ ಸರ್ಕಾರವೇ ರಾಜ್ಯದ ಎಲ್ಲ ಗ್ರಾಮ ಪಂಚಾಯತಿಗಳಿಗೆ ಮಕ್ಕಳ ಗ್ರಾಮಸಭೆ ನಡೆಸಲು ಆದೇಶ ಮಾಡಿತು. ನಮ್ಮಲ್ಲಿಯೂ ನಡೆಯುತ್ತೆ, ಒಂದು ಹಾಡು, ಬಿಸ್ಕತ್ತು, ಫೋಟೋ. ಅಷ್ಟಕ್ಕೇ ಮುಗಿಯುತ್ತೆ.

ಮಕ್ಕಳಿಗೇನು ತಿಳಿಯುತ್ತೆ ಅಂತ ಹಿರಿಯರು ಕೇಳಬಹುದು. ಇಳಿಜಾರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗಾಲಿಕುರ್ಚಿ ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಜಗುಲಿ ಎರಡು ಅಡಿ ಇದ್ದರೆ 24 ಅಡಿ. ಎಷ್ಟೋ ಕಡೆ ಜಾಗವಿಲ್ಲ ಅಂತ ಗೋಡೆಗೆ ಹಲಗೆ ಒರಗಿಸಿದ ಹಾಗೆ ಕಟ್ಟಿ, ಬಿಲ್ಲು ಮಾಡಿಸಿಕೊಂಡು ಹೋಗಿರ್ತಾರೆ. ಅದರ ಮೇಲೆ ಮಕ್ಕಳು ಜಾರುಬಂಡೆ ಆಡ್ತಾರೆ, ಗಾಲಿಕುರ್ಚಿ ಕೆಳಗೇ ನಿಂತಿರುತ್ತೆ. ಒಂದು ಟೇಪು ಕೊಟ್ಟರೆ ಏಳನೇ ತರಗತಿಯ ಹುಡುಗಿ ಐದು ನಿಮಿಷದಲ್ಲಿ ಈ ಲೆಕ್ಕ ಹೇಳ್ತಾಳೆ.

ಇಳಿಜಾರೊಂದೇ ಅಲ್ಲ. ಕಿವಿ ಕೇಳದ ಮಗುವನ್ನು ದಡ್ಡ ಅಂತ ಹಿಂದೆ ಕೂರಿಸಿರಬಹುದು. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ನಿಂತ ಹುಡುಗಿ ಇರಬಹುದು. ಇಟ್ಟಿಗೆ ಗೂಡಿಗೆ ಬಂದ ಪರಊರಿನವರ ಮಕ್ಕಳು ಯಾರ ಲೆಕ್ಕಕ್ಕೂ ಬರೋದಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ದಾರಿ, ಚಿಲಕವಿಲ್ಲದ ಶೌಚಾಲಯ, ಇವನ್ನೆಲ್ಲ ಬರೆದುಕೊಳ್ಳಬೇಕು. ಒಂದು ಮಾತು: ಮಗುವಿನ ಕೊರತೆಯನ್ನು ಹೆಸರು ಸಮೇತ ಡೇರಿ ಗೋಡೆಗೆ ಅಂಟಿಸುವ ಕೆಲಸ ಬೇಡ. ದಾರಿಯ ಕೊರತೆ ಅಂಟಿಸಿ, ಅದಕ್ಕೆ ನಾಚಿಕೆಯಿಲ್ಲ.

ರಜತ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಬೇಕೆಂದು ಕೆಲವು ಸದಸ್ಯರ ಆಸೆ. ಕಮಾನಿಗೆ ನಾವು ವಿರೋಧಿಗಳಲ್ಲ, ಆದರೆ ಅದು ಒಂದು ವರ್ಷ ಕಾಯಬಹುದು. ಆರು ವರ್ಷದ ಮಗುವಿನ ಒಂದು ವರ್ಷ ಕಾಯೋದಿಲ್ಲ. ಆ ಹಣದಿಂದ ಮೊದಲು ಸಮೀಕ್ಷೆ ಆಗಲಿ, ಅದರಲ್ಲಿ ಬಂದ ಮೊದಲ ಕೆಲಸವನ್ನು ಸಂಘವೇ ಮಾಡಿಸಲಿ, ಉಳಿದದ್ದನ್ನು ಪಟ್ಟಿ ಸಮೇತ ಪಂಚಾಯತಿಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ ಕೊಡೋಣ ಎಂದು ಸರ್ವಸದಸ್ಯರ ಸಭೆಯ ಮುಂದೆ ಇಡುತ್ತಿದ್ದೇವೆ.

ಬರುವ ಭಾನುವಾರ ಬೆಳಗಿನ ಹಾಲು ಅಳೆದ ಮೇಲೆ ಡೇರಿ ಮುಂದೆಯೇ ಸೇರೋಣ. ಬೀದಿಗೆ ಇಬ್ಬರು ಮಕ್ಕಳು, ಒಬ್ಬರು ದೊಡ್ಡವರು. ಟೇಪು, ನೋಟ್‌ಬುಕ್ಕು ಸಂಘದ್ದು. ಮಕ್ಕಳು ಮುಂದೆ ನಡೆಯಲಿ, ನಾವು ಹಿಂದೆ ಬರ್ತೀವಿ.