ಚೀಲದ ಬಾಯಿ ಹಿಡಿಯುವ ಕೈ

(ವಾಚನಾಲಯದ ತಿಂಗಳ ಸಭೆಯಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ತಿಂಗಳ ಮಾತಿನ ಸರದಿ ನಮಗೆ ಬಂದಿದೆ. ಇಲ್ಲಿ ನಿಂತು ಮಾತನಾಡಿದವರಲ್ಲಿ ವಕೀಲರಿದ್ದಾರೆ, ಪ್ರಾಧ್ಯಾಪಕರಿದ್ದಾರೆ. ನಾವಾದರೋ ಬೇಳೆಯ ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು; ಮ್ಯಾಟ್ರಿಕ್ಕಿನಾಚೆ ಓದಿದವರಲ್ಲ. ರವಿವಾರ ಕಪಾಟಿನ ಧೂಳು ಹೊಡೆದು, ಪುಸ್ತಕ ಕೊಟ್ಟು ತೆಗೆದುಕೊಳ್ಳುವುದೇ ನಮ್ಮ ಸಾಹಿತ್ಯಸೇವೆ. ಆದಕಾರಣ ನಮ್ಮ ಯೋಗ್ಯತೆಗೆ ತಕ್ಕ ಒಂದು ಸಣ್ಣ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಚೀಲ ತುಂಬುವಾಗ ಅದರ ಬಾಯಿಯನ್ನು ತೆರೆದು ಹಿಡಿಯುವ ಅಡಿಗೆಮನೆಯ ಸಾಧನ, ಇದೇ ಇಂದಿನ ವಿಷಯ.

ನಗಬೇಡಿರಿ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂದು ಹಿರಿಯರು ಹೇಳಿದರು. ಚೀಲದ ಬಾಯಿ ತೆರೆದಿಡುವುದೂ ಅಷ್ಟೇ ಕಷ್ಟವೆಂಬುದನ್ನು ಮಾತ್ರ ಹೇಳದೆ ಬಿಟ್ಟರು. ಏಕೆಂದರೆ ಅದನ್ನು ಹಿಡಿಯಲು ಮನೆಯಲ್ಲಿ ಒಂದು ಮಗು ಇದ್ದೇ ಇರುತ್ತಿತ್ತು.

ಮೊದಲು ಗಿರಣಿಯ ಮಾತು. 50 ಕಿಲೋ ಹಿಡಿಸುವ ಸೆಣಬಿನ ಚೀಲವನ್ನು ಕೈಯಿಂದ ತುಂಬಬೇಕಾದರೆ ಇಬ್ಬರು ಬೇಕು. ಒಬ್ಬನು ಘಮೇಲಾದಿಂದ ಬೇಳೆ ಸುರಿಯುತ್ತಾನೆ. ಇನ್ನೊಬ್ಬನು ಚೀಲದ ಅಂಚನ್ನು ಹೊರಕ್ಕೆ ಮಡಚಿ, ಎರಡೂ ಕೈಯಿಂದ ಬಾಯಿಯನ್ನು ಅಗಲಿಸಿ ಹಿಡಿದು, ಆಗಾಗ ಎತ್ತಿ ಕುಕ್ಕಿ, ಕಾಳು ಕೆಳಗೆ ಕೂಡುವಂತೆ ಮಾಡುತ್ತಾನೆ. ಯಂತ್ರದ ಕೊಳವೆಯಿಂದ ತುಂಬುವಲ್ಲಿ ಈ ಎರಡನೆಯವನು ಬೇಕಿಲ್ಲ. ಕೊಳವೆಯ ತುದಿಗೆ ಒಂದು ಕಬ್ಬಿಣದ ಹಿಡಿಕೆ ಇರುತ್ತದೆ; ಅದು ಚೀಲದ ಬಾಯಿಯನ್ನು ಸುತ್ತಲೂ ಕಚ್ಚಿಕೊಳ್ಳುತ್ತದೆ.

ಬರಿದೆ ಬಾಯಿ ಹಿಡಿದು ನಿಲ್ಲುವುದೂ ಒಂದು ಕೆಲಸವೇ ಎಂದು ಯಾರಾದರೂ ಕೇಳಬಹುದು. ಹೌದು, ಕೆಲಸವೇ. ನಾವಿರುವ ಈ ರಾಜ್ಯದಲ್ಲಿ ಮಾಥಾಡಿ, ಹಮಾಲ ಮತ್ತು ಇತರ ಮೈದುಡಿಮೆಯವರಿಗಾಗಿ 1969ರಲ್ಲಿ ಒಂದು ಕಾಯಿದೆಯಾಯಿತು. ಅದು ಹೊರುವುದು, ಇಳಿಸುವುದು, ಅಟ್ಟಿ ಹಾಕುವುದನ್ನಷ್ಟೇ ಹೇಳಿ ನಿಲ್ಲುವುದಿಲ್ಲ. ತೂಗುವುದು, ಅಳೆಯುವುದು, ತುಂಬುವುದು, ಹೊಲಿಯುವುದು, ಇವುಗಳ ಸಲುವಾಗಿ ಮಾಡುವ ಮುಂಚಿನ ಮತ್ತು ಜೊತೆಯ ಕೆಲಸ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಇದೇ ಪುಣೆಯಲ್ಲಿ ಡಾ. ಬಾಬಾ ಆಢಾವರು ಹಮಾಲ ಪಂಚಾಯತಿಯನ್ನು ಕಟ್ಟಿ, ಹಮಾಲರ ದುಡಿಮೆಗೆ ನ್ಯಾಯ ಸಿಗಬೇಕೆಂದು ದಶಕಗಳ ಕಾಲ ಹೋರಾಡಿದ್ದನ್ನು ತಾವೆಲ್ಲ ಬಲ್ಲಿರಿ. ಹೀಗೆ ಪೇಟೆಯಲ್ಲಿ ಆ ಎರಡನೆಯ ಜೋಡಿ ಕೈಗೂ ಲೆಕ್ಕವಿದೆ. ಮನೆಯಲ್ಲಿ ಇದೆಯೇ? ಈ ಪ್ರಶ್ನೆ ನಮಗೆ ಹುಟ್ಟಿದ ಬಗೆಯನ್ನು ಹೇಳುತ್ತೇವೆ.

ನಮ್ಮಲ್ಲಿಗೆ ಪ್ರತಿ ರವಿವಾರ ಬರುತ್ತಿದ್ದ ಆರನೆಯ ಇಯತ್ತೆಯ ಹುಡುಗಿಯೊಬ್ಬಳು ಹೋದ ದೀಪಾವಳಿಗೆ ಮೂರು ವಾರ ಮುಂಚೆ ಬರುವುದನ್ನು ಬಿಟ್ಟಳು. ಒಯ್ದ ಪುಸ್ತಕವೂ ತಿರುಗಿ ಬರಲಿಲ್ಲ. ನಮ್ಮದು ಉಚಿತ ವಾಚನಾಲಯ, ದಂಡವಿಲ್ಲ. ಪುಸ್ತಕವನ್ನಾದರೂ ತರೋಣವೆಂದು ಒಂದು ಸಂಜೆ ಅವರ ಮನೆಗೆ ಹೋದೆವು. ತಾಯಿ ವಿಜಯಪುರದ ಕಡೆಯವರು. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳನ್ನು ಮನೆಯಲ್ಲಿಯೇ ಕುಟ್ಟಿ, ಪಾಕೀಟು ಮಾಡಿ ಮಾರುತ್ತಾರೆ. ಸೊಲ್ಲಾಪುರದ ಶೇಂಗಾ ಚಟ್ನಿಗೆ ಈ ಊರಲ್ಲಿ ಇರುವ ಹೆಸರು ತಮಗೆ ಗೊತ್ತೇ ಇದೆ. ಹಬ್ಬ ಬಂತೆಂದರೆ ಅಂಥ ಪುಡಿಗಳಿಗೆ ಬೇಡಿಕೆ ಹೆಚ್ಚು.

ನಾವು ಕಂಡದ್ದಿಷ್ಟು. ತಾಯಿ ಚಮಚದಿಂದ ಪುಡಿ ಹಾಕುತ್ತಿದ್ದರು. ಹುಡುಗಿ ಎದುರಿಗೆ ಕುಳಿತು ಎರಡೂ ಕೈಗಳ ಬೆರಳುಗಳಿಂದ ಝಿಪ್ ಚೀಲದ ಬಾಯಿಯನ್ನು ಅಗಲಿಸಿ ಹಿಡಿದಿದ್ದಳು. ನಮ್ಮ ಪುಸ್ತಕ ಅವಳ ತೊಡೆಯ ಮೇಲೆ ತೆರೆದಿತ್ತು. ಓದುತ್ತಿದ್ದಳು ನಿಜ, ಆದರೆ ಪುಟ ತಿರುವಲು ಕೈಯಿರಲಿಲ್ಲ. ಒಂದು ಪಾಕೀಟು ಮುಗಿದು ಇನ್ನೊಂದು ಕೈಗೆ ಬರುವುದರೊಳಗೆ ಅವಸರದಿಂದ ಒಂದು ಪುಟ ತಿರುವುತ್ತಿದ್ದಳು. ನಾವು ಪುಸ್ತಕ ಕೇಳದೆ ಹಿಂದಿರುಗಿದೆವು.

ಈ ಝಿಪ್ ಚೀಲದ ಬಗ್ಗೆ ಎರಡು ಮಾತು. ಡೆನ್ಮಾರ್ಕಿನ ಬೋರ್ಗೆ ಮ್ಯಾಡ್ಸನ್ ಎಂಬವರು ರೂಪಿಸಿದ ಪ್ಲಾಸ್ಟಿಕ್ ಝಿಪ್ಪಿನ ಹಕ್ಕನ್ನು ರುಮೇನಿಯದಿಂದ ಅಮೇರಿಕೆಗೆ ಬಂದು ನೆಲೆಸಿದ್ದ ಆಸ್‌ನಿಟ್ ಮನೆತನದವರು ಕೊಂಡು, 1951ರಲ್ಲಿ ಫ್ಲೆಕ್ಸಿಗ್ರಿಪ್ ಎಂಬ ಕಂಪನಿಯನ್ನು ತೆರೆದರು. ಸ್ಟೀವನ್ ಆಸ್‌ನಿಟ್ ಅವರು ತಾವೇ ಹೇಳಿಕೊಂಡ ಒಂದು ಪ್ರಸಂಗವಿದೆ. ಗ್ರಾಮಫೋನ್ ತಟ್ಟೆಗಳ ಕಂಪನಿಯೊಂದಕ್ಕೆ ಈ ಚೀಲ ತೋರಿಸಲು ಹೋದಾಗ ಅಲ್ಲಿಯ ಅಧಿಕಾರಿ ತನ್ನ ಸಹಾಯಕಿಯನ್ನು ಕರೆದು, ಇದನ್ನು ತೆರೆ ಎಂದನಂತೆ. ಆಕೆ ಹಿಂದೆ ಮುಂದೆ ನೋಡಿ ಝಿಪ್ಪನ್ನೇ ಹರಿದು ತೆಗೆದಳಂತೆ! ಮುಂದೆ 1968ರಲ್ಲಿ ಡೌ ಕೆಮಿಕಲ್ ಕಂಪನಿ ಇದನ್ನು ‘ಝಿಪ್‌ಲಾಕ್’ ಎಂಬ ಹೆಸರಿನಿಂದ ಅಡಿಗೆಮನೆಗೆ ತಂದಿತು. ಚೀಲದ ಬಾಯಿ ಮುಚ್ಚುವ ಉಪಾಯ ಹೀಗೆ ದೊರೆಯಿತು. ತೆರೆದಿಡುವ ಉಪಾಯ ಅದರೊಳಗೆ ಇರಲಿಲ್ಲ.

ಏಕೆ ಕಷ್ಟವೆಂದರೆ ಕಾರಣ ಮೂರು. ಒಂದು, ಹಾಳೆ ತೆಳುವು. ಸೆಣಬಿನ ಚೀಲದಂತೆ ತನ್ನ ಬಲದಿಂದ ನಿಲ್ಲುವುದಿಲ್ಲ. ಎರಡು, ಪ್ಲಾಸ್ಟಿಕ್ಕಿನ ಎರಡು ಪದರುಗಳು ಒಂದಕ್ಕೊಂದು ತಿಕ್ಕಿದಾಗ ಹುಟ್ಟುವ ವಿದ್ಯುತ್ತಿನಿಂದ ಅಂಟಿಕೊಳ್ಳುತ್ತವೆ. ಪುಡಿಯೂ ಅವಕ್ಕೆ ಅಂಟುತ್ತದೆ. ಮೂರನೆಯದೇ ಮುಖ್ಯ. ಝಿಪ್ಪಿನ ಒಂದು ಬದಿಗೆ ಸಣ್ಣ ಏರು, ಇನ್ನೊಂದು ಬದಿಗೆ ಸಣ್ಣ ಗಾಡಿ ಇರುತ್ತದೆ. ಏರು ಗಾಡಿಯೊಳಗೆ ಕೂತರೆ ಬಾಯಿ ಮುಚ್ಚಿತು. ಆ ಗಾಡಿಯಲ್ಲಿ ಚಿಟಿಕೆ ಪುಡಿ ಸಿಕ್ಕರೂ ಅದು ಸರಿಯಾಗಿ ಕೂಡುವುದಿಲ್ಲ. ಸಂದಿನಿಂದ ಗಾಳಿ ಹೋಗುತ್ತದೆ, ಶೇಂಗಾದ ಎಣ್ಣೆ ಕಮಟು ನಾರುತ್ತದೆ. ಪುಣೆಯ ಮಳೆಗಾಲವಾದರೆ ಪುಡಿ ತೇವ ಹೀರಿ ಗಂಟುಗಟ್ಟುತ್ತದೆ. ಗಿರಾಕಿ ಮತ್ತೆ ಬರುವುದಿಲ್ಲ. ಹೀಗೆ ಆ ಹುಡುಗಿಯ ಬೆರಳುಗಳ ಮೇಲೆ ಒಂದು ಮನೆಯ ಗಳಿಕೆಯೇ ನಿಂತಿತ್ತು.

ಗಿರಣಿಯ ಹಿಡಿಕೆಯನ್ನು ನೆನೆದು ನಾವು ದಪ್ಪ ತಂತಿಯನ್ನು ಬಗ್ಗಿಸಿ ಒಂದು ಚೌಕಟ್ಟು ಮಾಡಿ ಒಯ್ದೆವು. ಎರಡು ಚಮಚ ಪುಡಿ ಬಿದ್ದದ್ದೇ ತಡ, ಚೌಕಟ್ಟು ಮುಗ್ಗರಿಸಿತು. ಬೆಳಗಿನಿಂದ ಹುರಿದು ಕುಟ್ಟಿದ ಪುಡಿ ನೆಲದ ಪಾಲಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ತಾಯಿ ಮಾತ್ರ, “ಇರ್ಲಿ ಬಿಡ್ರಿ ತಮ್ಮಾರ, ಮ್ಯಾಲಿಂದು ಬಳದು ಮನ್ಯಾಗ ತಿಂತೀವಿ” ಎಂದು ನಮ್ಮ ಮುಖ ಉಳಿಸಿದರು. ನಮ್ಮ ತಪ್ಪೇನೆಂಬುದು ಆಮೇಲೆ ತಿಳಿಯಿತು. ಚೀಲದ ಭಾರವೆಲ್ಲ ಮೇಲೆ ತೂಗಿತ್ತು, ಕೆಳಗೆ ಆಸರೆ ಇರಲಿಲ್ಲ.

ಎರಡನೆಯ ಸಲ ಚೀಲವನ್ನು ಸ್ಟೀಲಿನ ಲೋಟದೊಳಗೆ ಇಳಿಬಿಟ್ಟು, ಅಂಚನ್ನು ಲೋಟದ ಬಾಯಿಯ ಮೇಲೆ ಹೊರಮಡಚಿ ನೋಡಿದೆವು. ಖರ್ಚಿಲ್ಲದ ಉಪಾಯ, ಮನೆಬಳಕೆಗೆ ಇದೇ ಸಾಕು. ದೊಡ್ಡ ಚೀಲಕ್ಕೆ ಡಬ್ಬಿ, ಚಿಕ್ಕದಕ್ಕೆ ಲೋಟ. ಆದರೆ ನೂರಾರು ಪಾಕೀಟು ಮಾಡುವವರಿಗೆ ಪ್ರತಿಯೊಂದನ್ನೂ ಎಳೆದು ತೆಗೆಯುವಾಗ ತಡವಾಗುತ್ತದೆ, ಚೀಲವೂ ಗುಂಡಗೆ ಉಬ್ಬಿ ಝಿಪ್ಪು ಸೊಟ್ಟಗಾಗುತ್ತದೆ.

ಮೂರನೆಯ ಸಲ ಪೇಟೆಯಲ್ಲಿ ಸಿಗುವ ಸಾಧನವನ್ನೇ ತಂದೆವು. ಬೆಲೆ ನಾಲ್ವರು ಹೊಟೇಲಿನಲ್ಲಿ ಚಹಾ ಫರಾಳ ಮಾಡುವಷ್ಟು. ಇಗೋ, ಮೇಜಿನ ಮೇಲಿದೆ, ನೋಡಬಹುದು. ಕೆಳಗೆ ಅಗಲವಾದ ಅಡಿ, ಜಾರದಂತೆ ರಬ್ಬರು. ಅದರ ಮೇಲೆ ಎರಡು ತೋಳು. ಎತ್ತರ ಹೆಚ್ಚು ಕಡಿಮೆ ಮಾಡಬಹುದು. ತೋಳಿನ ತುದಿಗೆ ಬಟ್ಟೆ ಒಣಹಾಕುವ ಚಿಮಟದಂಥ ಎರಡು ಹಿಡಿಕೆ. ಕೆಲಸವಾದ ಮೇಲೆ ಮಡಚಿ ಸಂದೂಕದಲ್ಲಿ ಇಡಬಹುದು. ಕೈಯಲ್ಲಿ ಹಿಡಿದು ಬಾಯಿ ಅಗಲಿಸುವ ಇನ್ನೊಂದು ತರಹದ್ದೂ ಇದೆ, ಆದರೆ ಅದು ಒಂದು ಕೈಯನ್ನು ತಾನೇ ತಿನ್ನುತ್ತದೆ. ಒಂಟಿಯಾಗಿ ದುಡಿಯುವವರಿಗೆ ನಿಲ್ಲುವಂಥದೇ ಮೇಲು.

ಬಳಸುವ ಕ್ರಮ ಹೀಗೆ. ಚೀಲದ ತಳ ಅಡಿಗೆ ತಾಗುವಂತೆ ತೋಳಿನ ಎತ್ತರ ಹೊಂದಿಸಬೇಕು; ಆಗ ಭಾರ ಕೆಳಗೆ ಕೂಡುತ್ತದೆ, ಮುಗ್ಗರಿಸುವುದಿಲ್ಲ. ಝಿಪ್ಪಿನ ಸಮೇತ ಅಂಚನ್ನು ಹೊರಕ್ಕೆ ಮಡಚಿ ಸಿಕ್ಕಿಸಬೇಕು. ಗಾಡಿ ಹೊರಮುಖವಾಗುವುದರಿಂದ ಅದರಲ್ಲಿ ಪುಡಿ ಬೀಳುವುದಿಲ್ಲ. ಅಗಲ ಬಾಯಿಯ ಆಲಿಕೆ, ಅಂದರೆ ಇಲ್ಲಿಯವರ ನರ್ಸಾಳೆ, ಇದ್ದರೆ ಇನ್ನೂ ಒಳ್ಳೆಯದು. ತಕ್ಕಡಿ ದೊಡ್ಡದಿದ್ದರೆ ಸಾಧನವನ್ನು ಅದರ ಮೇಲೆಯೇ ಇಟ್ಟು, ಅಂಕಿಯನ್ನು ಸೊನ್ನೆ ಮಾಡಿ, ತೂಗುತ್ತ ತುಂಬಬಹುದು. ಬಿಸಿ ಪುಡಿಯನ್ನು ಎಂದಿಗೂ ಹಾಕಬಾರದು. ಆವಿ ಒಳಗೇ ನೀರಾಗುತ್ತದೆ. ತುಂಬಿದ ಮೇಲೆ ಅಂಚನ್ನು ಎತ್ತಿ, ಒಣಬಟ್ಟೆಯಿಂದ ಒರೆಸಿ, ಒಂದು ತುದಿಯಿಂದ ಒತ್ತುತ್ತ ಬಂದು, ಕೊನೆಗೆ ಬೆರಳಗಲ ಬಿಟ್ಟು ಗಾಳಿ ಹೊರಗೆ ಹಾಕಿ ಮುಚ್ಚಬೇಕು.

ಇಷ್ಟೆಲ್ಲ ವಿವರಿಸಿದಾಗ ಆ ತಾಯಿ ಕೇಳಿದ್ದು ಒಂದೇ ಮಾತು: “ಹುಡುಗಿ ಕುಂತಾಳಲ್ರಿ. ಇದಕ್ಕ ರೊಕ್ಕ ಯಾಕ ಹಾಕೂದು?”

ನಮಗೆ ಕೂಡಲೆ ಉತ್ತರ ತೋಚಲಿಲ್ಲ. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಗುಮಾಸ್ತರ ಬುದ್ಧಿ ನೋಡಿರಿ, ಜೇಬಿನಿಂದ ಕಾಗದ ತೆಗೆದು ಬರೆದೆವು. ದಿನಕ್ಕೆ ಎರಡು ತಾಸು, ಮೂರು ವಾರ. ಒಟ್ಟು 42 ತಾಸು. ಖರ್ಚಿನ ಬದಿಗೆ ಅಷ್ಟು ಬರೆದು, ಜಮೆಯ ಬದಿಗೆ ಏನು ಬರೆಯಬೇಕು ಅಕ್ಕಾರ ಎಂದು ಕೇಳಿದೆವು. ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ನಾನೂ ಸಣ್ಣಾಕಿ ಇದ್ದಾಗ ಹಿಟ್ಟಿನ ಚೀಲ ಹಿಡದಾಕಿನ, ತಮ್ಮಾ. ಸಾಲಿ ಅಲ್ಲಿಗೇ ನಿಂತಿತು” ಎಂದರು. ಸಾಧನವನ್ನು ಇಟ್ಟುಕೊಂಡರು.

ಮೊದಲ ದಿನ ಕೆಲಸ ನಿಧಾನವಾಯಿತು. ಅದನ್ನು ಬೈದದ್ದೂ ಆಯಿತು. ಮೂರನೆಯ ದಿನಕ್ಕೆ ಕೈ ಕುದುರಿತು. ಹಬ್ಬದ ಹಿಂದಿನ ಎರಡು ದಿನ ಮಾತ್ರ ಹುಡುಗಿ ಮತ್ತೆ ಕುಳಿತಳು. ಅದನ್ನು ಮುಚ್ಚಿಡುವುದಿಲ್ಲ, ಸಾಧನದಿಂದ ಬಡತನ ಹೋಗುವುದಿಲ್ಲ. ಆದರೆ ರವಿವಾರ ಅವಳು ಬಂದಳು. ಪುಸ್ತಕ ಕೊಟ್ಟಳು, ಒಂದೆರಡು ಪುಟಗಳ ಮೇಲೆ ಎಣ್ಣೆಯ ಬೆರಳಚ್ಚು ಇದ್ದವು. ಈಗ ಕೆಲವು ಸಂಜೆ ಅವಳು ತಾಯಿಯ ಹತ್ತಿರ ಕುಳಿತೇ ಇರುತ್ತಾಳೆ. ತಾಯಿ ತುಂಬುತ್ತಾರೆ, ಮಗಳು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಇದನ್ನು ತಾಯಿಯ ಒಪ್ಪಿಗೆ ಪಡೆದೇ ಇಲ್ಲಿ ಹೇಳಿದ್ದೇವೆ.

ಪ್ಲಾಸ್ಟಿಕ್ಕಿನ ಚೀಲಕ್ಕೆ ಇಷ್ಟು ಉಪಚಾರವೇ ಎಂದು ಹಿರಿಯರು ಕೇಳಬಹುದು. ಕೇಳತಕ್ಕದ್ದೇ. 2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ಕಿನ ಕೈಚೀಲಗಳನ್ನು ನಿಷೇಧಿಸಿತು. ಹಾಗೆಂದು ಹಳೆಯ ವೃತ್ತಪತ್ರಿಕೆಯ ಪೊಟ್ಟಣಕ್ಕೆ ಮರಳುವಂತಿಲ್ಲ. ಅದರ ಮಸಿ ಅನ್ನಕ್ಕೆ ಸೇರುವುದು ಒಳಿತಲ್ಲವೆಂದು 2016ರಲ್ಲಿಯೇ ಸರಕಾರದ ಆಹಾರ ಸುರಕ್ಷಾ ಪ್ರಾಧಿಕಾರ ಎಚ್ಚರಿಸಿದೆ. ನಮಗೆ ಉಳಿದ ದಾರಿಯೆಂದರೆ ಮನೆಗೆ ಬಂದ ಗಟ್ಟಿ ಚೀಲವನ್ನು ಬಿಸಾಡದೆ ತೊಳೆದು ಮತ್ತೆ ಮನೆಬಳಕೆಗೆ ತರುವುದು. ಆ ಕೆಲಸಕ್ಕೂ ಇದು ಬರುತ್ತದೆ. ತೊಳೆದ ಚೀಲವನ್ನು ತಲೆಕೆಳಗಾಗಿ ಇದರ ತೋಳಿಗೆ ಹಾಕಿದರೆ ಒಳಗೆಲ್ಲ ಗಾಳಿಯಾಡಿ ಒಣಗುತ್ತದೆ.

ಬೆರಳ ಸಂದು ಹಿಡಿದ ವೃದ್ಧರು, ಒಂದು ಕೈ ಸ್ವಾಧೀನದಲ್ಲಿಲ್ಲದವರು ನಮ್ಮ ಸದಸ್ಯರಲ್ಲಿಯೂ ಇದ್ದಾರೆ. ಬೇಳೆಯನ್ನು ಚೀಲಕ್ಕೆ ತುಂಬಲು ಪಕ್ಕದ ಮನೆಯವರನ್ನು ಕರೆಯಬೇಕಾಗಿ ಬಂದು, ಸಂಕೋಚದಿಂದ ಕರೆಯದೆ ಇರುವವರು ಅವರು. ಆದ್ದರಿಂದ ಒಂದು ಸೂಚನೆ. ನಮ್ಮ ಪಾಲಿನಿಂದ ಇಂಥದೊಂದು ಸಾಧನವನ್ನು ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇವೆ. ಪುಸ್ತಕದ ವಹಿಯಲ್ಲಿಯೇ ಹೆಸರು ಬರೆದು, ಪುಸ್ತಕದಂತೆ ಎರವಲು ಒಯ್ಯಬಹುದು. ಬಾಡಿಗೆಯಿಲ್ಲ, ದಂಡವಿಲ್ಲ. ತೊಳೆದು ಒರೆಸಿ ತರುವುದೊಂದೇ ನಿಯಮ. ಸಭೆ ಒಪ್ಪಿದರೆ ಇನ್ನೊಂದನ್ನು ಸಂಘದ ವತಿಯಿಂದ ತರೋಣ.

ಮನೆಯಲ್ಲಿ ಯಾರ ಕೈ ಏನನ್ನು ಹಿಡಿದು ಕುಳಿತಿದೆ ಎಂಬುದನ್ನು ಇಂದು ಸಂಜೆ ಒಮ್ಮೆ ನೋಡಿರೆಂದು ಪ್ರಾರ್ಥಿಸುತ್ತೇವೆ.