ಸವಳು ಭೂಮಿಗೆ ಹೊಂಗೆ



ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು ನಮಗೆ ಕಬ್ಬು ಕೊಟ್ಟಿತು. ಆದರೆ ನಾವು ಅಳತೆಯಿಲ್ಲದೆ ನೀರು ಹಾಯಿಸಿದ್ದರಿಂದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಕಪ್ಪು ಭೂಮಿ ಅಲ್ಲಲ್ಲಿ ಸವಳಾಗಿದೆ. ಬಿತ್ತಿದ್ದು ಏಳೂದಿಲ್ಲ, ತಂದ ಸಾಲ ಮಾತ್ರ ಬೆಳೀತದ.

ಅಂಥ ನೆಲಕ್ಕೆ ಹೊಂಗೆ ತಕ್ಕ ಗಿಡ. ಮರಾಠಿಯಲ್ಲಿ ಕರಂಜ ಅಂತಾರ. ಮೂಲತಃ ಸಮುದ್ರದಂಡೆ, ಹೊಳೆದಂಡೆಯ ಗಿಡವಾದ್ದರಿಂದ ಉಪ್ಪು ತಾಳತದ. ಬೇಸಿಗೆಯ ಹೂವಿಗೆ ಜೇನು ಬರತಾವ. ಸೊಪ್ಪು ಹಸಿರು ಗೊಬ್ಬರ. 100 ಕಿಲೋ ಬೀಜದಲ್ಲಿ ಸುಮಾರು 30 ಕಿಲೋ ಎಣ್ಣೆಯ ಅಂಶವಿದೆ. ಹಿಂಡಿ ಹೊಲಕ್ಕೆ ಗೊಬ್ಬರ. ದನಕ್ಕೆ ಮಾತ್ರ ಹಾಕಬ್ಯಾಡ್ರಿ.

ಹೊಸ ಬೀಜವನ್ನು ಒಂದು ರಾತ್ರಿ ನೆನೆಯಿಟ್ಟು ಚೀಲದಲ್ಲಿ ಸಸಿ ಮಾಡಿ, ಮಳೆ ಹಿಡಿದ ಮೇಲೆ 15 ಅಡಿಗೊಂದರಂತೆ ಹಚ್ಚಬೇಕು. ಕಾಯಿಗೆ ಐದಾರು ವರ್ಷ ಕಾಯಬೇಕು. ನೆರಳು ಬೀಳುವುದರಿಂದ ಕಬ್ಬಿನ ಒಡ್ಡಿಗೆ ಬೇಡ. ಕೆಟ್ಟ ಹೊಲ, ಹಳ್ಳದ ದಂಡೆ ಸಾಕು.

ಗಿಡವೊಂದೇ ಸವಳು ತೆಗೆಯೂದಿಲ್ರಿ. ನೀರಿಗೆ ಹಿಡಿತ ಬೇಕು, ಬಸಿಗಾಲುವೆ ಬೇಕು. ಬಸಿಗಾಲುವೆ ಒಬ್ಬರ ಹೊಲದಲ್ಲಿ ಮುಗಿಯುವುದಿಲ್ಲ; ಕೆಳಗಿನವರ ಹೊಲ ದಾಟಿಯೇ ಹಳ್ಳ ಸೇರಬೇಕು. ಅದಕ್ಕೆ ಅವರು ದಾರಿ ಕೊಡಬೇಕು. ನಮ್ಮ ಸಂಘ ಈ ಕೆಲಸಕ್ಕೆ ಮುಂದಾಗಲೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.