ಮೇಳ ಕಟ್ಟುವ ಲೆಕ್ಕ



ಸಾಗರ, ಹೊಸನಗರ, ತೀರ್ಥಹಳ್ಳಿಯ ನಮಗೆಲ್ಲ ಆಟ ನೋಡಿ ಅಭ್ಯಾಸ. ಮೇಳ ಕಟ್ಟುವ ಲೆಕ್ಕ ನೋಡಿದವರು ಕಡಿಮೆ. ತಿರುಗಾಟ ಹೊರಡುವ ಮೊದಲೇ ಯಜಮಾನರು ಕಲಾವಿದರನ್ನು ಗೊತ್ತುಮಾಡುತ್ತಾರೆ. ಭಾಗವತರು, ಮದ್ದಳೆ, ಚೆಂಡೆ, ಎರಡನೇ ವೇಷ, ಪುರುಷವೇಷ, ಸ್ತ್ರೀವೇಷ, ಹಾಸ್ಯ: ಒಂದು ಸ್ಥಾನ ಸೊರಗಿದರೂ ಪ್ರಸಂಗ ಕುಂಟುತ್ತದೆ.

ಹರಕೆ ಮೇಳಕ್ಕೆ ಆಟ ಆಡಿಸುವವರು ಭಕ್ತರು; ನಮ್ಮ ಕಡೆ ಬರುವ ಮಂದಾರ್ತಿಯ ಐದು ಮೇಳಗಳು ನಡೆಯುವುದು ಹೀಗೆ. ಡೇರೆ ಮೇಳ ಟಿಕೆಟ್ಟನ್ನೇ ನಂಬಬೇಕು. ಆದ್ದರಿಂದ ಹೆಸರಾದವರಿಗೆ ಪೈಪೋಟಿ. ಅದು ತಪ್ಪಲ್ಲ. ಸಂಬಳವೆಲ್ಲ ಇಬ್ಬರು ಮೂವರಿಗೇ ಹೋಗಿ, ಉಳಿದ ಸ್ಥಾನಗಳಿಗೆ ಸಿಕ್ಕಸಿಕ್ಕವರನ್ನು ತುಂಬುವುದು ತಪ್ಪು. 1990ರಲ್ಲಿ ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡಾಗ ಬಡಗುತಿಟ್ಟೇ ತತ್ತರಿಸಿತು. ಅಂಥ ಕಂಠಕ್ಕೆ ಬದಲಿ ಇಲ್ಲ, ನಿಜ. ಆದರೂ ಹಿರಿಯರಿರುವಾಗಲೇ ಕಿರಿಯರನ್ನು ಪಕ್ಕದಲ್ಲಿ ಕೂರಿಸಿ ಬೆಳೆಸುವುದು ಮೇಳದ ಕೆಲಸ.

ಹಿಂದೆ ಹುಡುಗರು ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಹೊತ್ತು ಉಳಿಸಲು ಪೂರ್ವರಂಗ ಮೊಟಕಾದಾಗ ಆ ಮೆಟ್ಟಿಲುಗಳೇ ಹೋದವು. ಹೆಜ್ಜೆ, ತಾಳ ಕಲಿಸಲು ಉಡುಪಿಯ ಯಕ್ಷಗಾನ ಕೇಂದ್ರದಂಥ ಶಾಲೆಗಳಿವೆ. ದಿನದಿನದ ರಂಗದ ರೂಢಿಯನ್ನು ಮೇಳವೇ ಕೊಡಬೇಕು.

ಈ ಸಲ ಆಟಕ್ಕೆ ಬೇಗ ಬಂದು ಕೂರಿ. ಹೊಸ ಹುಡುಗರ ಹೆಸರು ಕೇಳಿ. ನಾಳಿನ ಎರಡನೇ ವೇಷ ಅವರಲ್ಲೇ ಇದ್ದೀತು.